ಮನೆಯೊಳಗಿನ ಸ್ಮೃತಿ: ಹೋಲೋಕಾಸ್ಟ್‌ನಿಂದ ಬದುಕುಳಿದವರ ಮಕ್ಕಳು ಮತ್ತು ಆಘಾತದ ಪ್ರಶ್ನೆ

ನಾಜಿ ಆಡಳಿತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು. ಉಳಿದುಕೊಂಡವರಲ್ಲಿ ಅನೇಕರು 1945ರ ನಂತರ ಜರ್ಮನಿ, ಆಸ್ಟ್ರಿಯಾ, ಇಟಲಿಗಳ ನಿರಾಶ್ರಿತ ಶಿಬಿರಗಳಲ್ಲೇ ಮದುವೆಯಾಗಿ ಸಂಸಾರ ಹೂಡಿದರು. ಅಲ್ಲಿಯೂ ಮುಂದೆ ಇಸ್ರೇಲ್, ಅಮೆರಿಕ, ಕೆನಡಾಗಳಲ್ಲಿಯೂ ಹುಟ್ಟಿದ ಮಕ್ಕಳು ಆ ದುರಂತವನ್ನು ಕಣ್ಣಾರೆ ಕಂಡವರಲ್ಲ. ಅದರ ಪರಿಣಾಮದಿಂದ ಹೊರಗೆ ಬೆಳೆದವರೂ ಅಲ್ಲ. ಕಾಣದ್ದು ಅವರಿಗೆ ದಾಟಿದ್ದು ಹೇಗೆ? ಸಂಶೋಧನೆ ಇದಕ್ಕೆ ಮೊದಲು ಉತ್ತರಿಸಿದ್ದು ಕಾಯಿಲೆಯ ಭಾಷೆಯಲ್ಲಿ. ಆದರೆ ಸ್ಮೃತಿ ದಾಟಿದ್ದು ಬಹುಪಾಲು ಮನೆಯ ನಿತ್ಯದ ನಡವಳಿಕೆಯ ಮೂಲಕ. ಅದನ್ನು ರೋಗವೆಂದಷ್ಟೇ ಓದಿದರೆ ದಕ್ಕುವುದಕ್ಕಿಂತ ತಪ್ಪಿಹೋಗುವುದೇ ಹೆಚ್ಚು ಎಂಬುದು ಈ ಲೇಖನದ ವಾದ.

ಮಾಂಟ್ರಿಯಲ್‌ನ ಮನೋವೈದ್ಯ ವಿವಿಯನ್ ರಾಕಾಫ್ 1966ರಲ್ಲಿ ಬದುಕುಳಿದವರ ಮಕ್ಕಳ ಮಾನಸಿಕ ಸಂಕಟದ ಕಡೆಗೆ ಗಮನ ಸೆಳೆದರು. ಇಸ್ರೇಲಿನ ಚಿಕಿತ್ಸಕಿ ದೀನಾ ವಾರ್ಡಿ, ಇಂಥ ಕುಟುಂಬಗಳಲ್ಲಿ ಒಂದು ಮಗುವಿನ ಮೇಲೆ ಸತ್ತವರೆಲ್ಲರ ಸ್ಮಾರಕ ದೀಪವಾಗುವ ಹೊಣೆ ಬೀಳುತ್ತದೆ ಎಂದರು. ಇವು ಸೂಕ್ಷ್ಮ ಅವಲೋಕನಗಳೇ ಹೌದು. ಆದರೆ ಚಿಕಿತ್ಸೆಗೆ ಬಂದವರನ್ನು ನೋಡಿ ಇಡೀ ಪೀಳಿಗೆಯನ್ನು ಅಳೆಯಲಾಗದು. 2003ರಲ್ಲಿ ಸಂಶೋಧಕ ವಾನ್ ಐಜೆಂಡೋರ್ನ್ ಮತ್ತು ಸಂಗಡಿಗರು 32 ಸಮೂಹಗಳ 4,418 ಜನರ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿದರು. ಚಿಕಿತ್ಸೆಯ ಹಾದಿ ಹಿಡಿಯದ ಮಕ್ಕಳಲ್ಲಿ ತಂದೆತಾಯಿಯಿಂದ ಬಂದ ಆಘಾತದ ಪುರಾವೆ ಸಿಗಲಿಲ್ಲ. ಬೇರೆ ಕಾರಣಗಳಿಂದಲೂ ಒತ್ತಡಕ್ಕೆ ಸಿಕ್ಕಿ ಚಿಕಿತ್ಸೆ ಪಡೆಯುತ್ತಿದ್ದವರಲ್ಲಿ ಮಾತ್ರ ಅದು ಕಂಡಿತು.

ಜೀವವಿಜ್ಞಾನದ ಸಾಕ್ಷ್ಯವನ್ನೂ ಇದೇ ಎಚ್ಚರದಿಂದ ನೋಡಬೇಕು. ನ್ಯೂಯಾರ್ಕ್‌ನ ರೇಚಲ್ ಯೆಹೂದಾ ಅವರ ತಂಡ 32 ಬದುಕುಳಿದವರನ್ನೂ ಅವರ ಸಂತತಿಯ 22 ಜನರನ್ನೂ ಪರೀಕ್ಷಿಸಿ, ಒತ್ತಡದ ಹಾರ್ಮೋನಿಗೆ ಸಂಬಂಧಿಸಿದ ಎಫ್‌ಕೆಬಿಪಿ5 ಎಂಬ ಜೀನಿನಲ್ಲಿ ರಾಸಾಯನಿಕ ವ್ಯತ್ಯಾಸ ಕಂಡಿತು. ಹೋಲಿಕೆಗೆ ತೆಗೆದುಕೊಂಡವರಿಗಿಂತ ಮಿಥೈಲೀಕರಣ ಎಂಬ ಈ ರಾಸಾಯನಿಕ ಗುರುತು ಹಿರಿಯರಲ್ಲಿ ಹೆಚ್ಚು, ಮಕ್ಕಳಲ್ಲಿ ಕಡಿಮೆ. ಅಂದರೆ ಹಿರಿಯರ ಗುರುತು ಮಕ್ಕಳಲ್ಲಿ ಹಾಗೆಯೇ ಅಚ್ಚಾಗಿಲ್ಲ. ಸಮೂಹವೂ ಚಿಕ್ಕದು, ವಂಶವಾಹಿಯಿಂದ ಬಂದದ್ದು ಎಷ್ಟು, ಸಾಕಿದ ರೀತಿಯಿಂದ ಬಂದದ್ದು ಎಷ್ಟು ಎಂದು ಈ ಅಧ್ಯಯನ ಬೇರ್ಪಡಿಸದು. ‘ಆಘಾತ ರಕ್ತದಲ್ಲೇ ಹರಿಯುತ್ತದೆ’ ಎಂಬ ಜನಪ್ರಿಯ ತೀರ್ಮಾನಕ್ಕೆ ಇಷ್ಟು ಆಧಾರ ಸಾಲದು.

ಹಾಗಾದರೆ ಮನೆಯೊಳಗೆ ನಡೆದದ್ದೇನು? ಮಾನವಶಾಸ್ತ್ರಜ್ಞೆ ಕ್ಯಾರಲ್ ಕಿಡ್ರನ್ ಇಸ್ರೇಲಿನಲ್ಲಿ ಸಂತತಿಯವರನ್ನು ಮಾತನಾಡಿಸಿದಾಗ, ಕಥೆ ಹೇಳದ ಮನೆಗಳಲ್ಲೂ ಭೂತಕಾಲ ದಿನವೂ ಹಾಜರಿತ್ತು ಎಂಬುದು ತಿಳಿಯಿತು. ಆಶ್‌ವಿಟ್ಜ್ ನಾಜಿ ಶಿಬಿರದಿಂದ ತಂದ ಚಮಚದಿಂದಲೇ ತಾಯಿ ಮಗಳಿಗೆ ಉಣಿಸಿದ್ದುಂಟು. ಈ ಮೌನವನ್ನು ಸಂತತಿಯವರಲ್ಲಿ ಹಲವರು ಗಾಯವೆಂದು ಕರೆಯಲಿಲ್ಲ. ಸತ್ತ ಬಂಧುವಿನ ಹೆಸರನ್ನು ಮಗುವಿಗೆ ಇಡುವುದು ಅಶ್ಕೆನಾಜಿ ಯಹೂದಿಗಳಲ್ಲಿ ಹಳೆಯ ಸಂಪ್ರದಾಯ. ಯುದ್ಧದ ನಂತರ ಒಂದೊಂದು ಕುಟುಂಬದಲ್ಲೂ ಸತ್ತವರೇ ಹೆಚ್ಚಾದಾಗ, ಅದೇ ಹೆಸರಿನ ಭಾರ ಬೇರೆಯಾಯಿತು.

ಬದುಕುಳಿದವರ ಮಗನಾದ ಆರ್ಟ್ ಸ್ಪೀಗಲ್‌ಮನ್ ಅವರ ಕಾಮಿಕ್ಸ್ ಕೃತಿ ‘ಮೌಸ್’ (1986, 1991) ಈ ಸಾಗಣೆಯ ಅತ್ಯಂತ ನಿಷ್ಠುರ ದಾಖಲೆ. ತಾನು ಹುಟ್ಟುವ ಮೊದಲೇ ಸತ್ತ ಅಣ್ಣ ರಿಶ್ಯೂನ ಭಾವಚಿತ್ರ ತಂದೆತಾಯಿಯ ಕೋಣೆಯಲ್ಲಿದೆ; ಆ ಅಣ್ಣನೊಂದಿಗೆ ತಮ್ಮನ ಸ್ಪರ್ಧೆ ಮುಗಿಯುವುದೇ ಇಲ್ಲ. ತಾಯಿ ಬರೆದಿಟ್ಟ ನೆನಪಿನ ಪುಸ್ತಕಗಳನ್ನು ಆಕೆಯ ಸಾವಿನ ಬಳಿಕ ತಂದೆ ಸುಟ್ಟುಬಿಟ್ಟಿದ್ದಾನೆ. ಹೀಗೆ ಮಗನ ಪಾಲಿಗೆ ಬಂದದ್ದರಲ್ಲಿ ಇರುವುದರಷ್ಟೇ ಇಲ್ಲದ್ದೂ ಸೇರಿದೆ. ಸಾಹಿತ್ಯ ವಿದ್ವಾಂಸೆ ಮರಿಯಾನ್ ಹರ್ಷ್ ‘ಉತ್ತರಸ್ಮೃತಿ’ಯ ಪರಿಕಲ್ಪನೆಯನ್ನು ರೂಪಿಸಿದ್ದು ಈ ಕೃತಿಯನ್ನು ಓದುತ್ತಲೇ. ಅವರ ಪ್ರಕಾರ ಎರಡನೆಯ ಪೀಳಿಗೆ ಭೂತಕಾಲವನ್ನು ನೆನೆಯುವುದಿಲ್ಲ, ಚಿತ್ರ, ಕಥೆ, ವರ್ತನೆಗಳ ಆಧಾರದಿಂದ ಕಲ್ಪಿಸಿಕೊಳ್ಳುತ್ತದೆ.

ನೋವು ಸುಳ್ಳೆಂದು ಇದರ ಅರ್ಥವಲ್ಲ. ಚಿಕಿತ್ಸೆ ಬೇಕಾದವರಿಗೆ ಅದು ಸಿಗಲೇಬೇಕು. ಆದರೆ ಸಂತತಿಯವರೆಲ್ಲರನ್ನೂ ರೋಗಿಗಳೆಂದು ಎಣಿಸುವುದು ಸಾಕ್ಷ್ಯಕ್ಕೂ ಅವರ ಬದುಕಿಗೂ ಮಾಡುವ ಅನ್ಯಾಯ. ನೇರ ಸಾಕ್ಷಿಗಳು ವಿರಳವಾಗುತ್ತಿರುವ ಈ ಹೊತ್ತಿನಲ್ಲಿ ಸಂಶೋಧಕರು ಹೇಳಿಕೆಗಳ ಜೊತೆಗೆ ಮನೆಯ ವಸ್ತು, ಹೆಸರು, ಮೌನಗಳನ್ನೂ ದಾಖಲಿಸಬೇಕು. ಮೂರನೆಯ ಪೀಳಿಗೆಯ, ಅಂದರೆ ಮೊಮ್ಮಕ್ಕಳ, ಅಧ್ಯಯನ ಅಲ್ಲಿಂದಲೇ ಆರಂಭವಾಗಬೇಕು.