ಕಲ್ಪಿತಯುದ್ಧಗಳೂ ಗೂಢಚಾರರೂ

1871ನೆಯ ಇಸವಿಯ ಮೇ ತಿಂಗಳಿನಲ್ಲಿ ‘ಬ್ಲ್ಯಾಕ್‌ವುಡ್ಸ್ ಮ್ಯಾಗಜೀನ್’ ಎಂಬ ಆಂಗ್ಲ ಮಾಸಪತ್ರಿಕೆಯಲ್ಲಿ ‘ಡಾರ್ಕಿಂಗ್ ಕದನ’ವೆಂಬ ಕಥೆಯೊಂದು ಕರ್ತೃವಿನ ಹೆಸರಿಲ್ಲದೆ ಅಚ್ಚಾಯಿತು. ಪ್ರಷ್ಯದ ಸೈನ್ಯವು ಫ್ರಾನ್ಸನ್ನು ಮುರಿದು ಕೆಲವು ತಿಂಗಳುಗಳು ಮಾತ್ರವೇ ಕಳೆದಿದ್ದುವು. ಮುಂದೆ ನಡೆಯಬಹುದಾದ ಯುದ್ಧವನ್ನು ನಡೆದುಹೋದ ಸಂಗತಿಯೆಂಬಂತೆ ವೃದ್ಧನೊಬ್ಬನು ಮೊಮ್ಮಕ್ಕಳಿಗೆ ಹೇಳುವುದೇ ಕಥೆಯ ರಚನೆ. ಶತ್ರುಗಳ ನೂತನ ಯಂತ್ರಗಳಿಂದ ಆಂಗ್ಲರ ನೌಕಾಬಲವು ಮುಳುಗುತ್ತದೆ. ಜರ್ಮನ್ ಸೈನ್ಯವು ತೀರಕ್ಕಿಳಿದು ದೇಶವನ್ನೇ ಗೆಲ್ಲುತ್ತದೆ. ಇದನ್ನು ಬರೆದವನು ಜಾರ್ಜ್ ಚೆಸ್ನಿ. ಬಂಗಾಳದ ಇಂಜಿನಿಯರ್ ದಳದ ಅಧಿಕಾರಿ, 1857ರ ದೆಹಲಿಯ ಮುತ್ತಿಗೆಯಲ್ಲಿ ಗಾಯಗೊಂಡವನು. ಸೈನ್ಯವನ್ನು ಸುಧಾರಿಸಬೇಕೆಂಬುದೇ ಅವನ ಇಂಗಿತ. ಜನರಲ್ಲೆದ್ದ ಕಳವಳವನ್ನು ಕಂಡು ಪ್ರಧಾನಮಂತ್ರಿ ಗ್ಲ್ಯಾಡ್‌ಸ್ಟನ್ನನು ಸಭೆಯಲ್ಲಿ ಇಂಥ ಭೀತಿಯನ್ನು ಖಂಡಿಸಬೇಕಾಯಿತು.

ಅನಂತರ ಇಂಥ ಕಥೆಗಳು ಹೇರಳವಾಗಿ ಹುಟ್ಟಿದುವು. 1903ರಲ್ಲಿ ವೆಲ್ಸನು ಕಲ್ಪಿಸಿದ ಉಕ್ಕಿನ ಭೂನೌಕೆಗಳನ್ನು ಹೋಲುವ ಟ್ಯಾಂಕುಗಳು 1916ರಲ್ಲಿ ರಣರಂಗಕ್ಕೆ ಬಂದುವೆಂಬುದನ್ನು ಬಲ್ಲವರು ಬಲ್ಲರು. ಆದರೆ ಚರಿತ್ರೆಯ ದೃಷ್ಟಿಯಿಂದ ಯಂತ್ರಗಳಿಗಿಂತ ಹೆಚ್ಚು ವಿಚಿತ್ರವಾದುದು ಗೂಢಚಾರರ ವೃತ್ತಾಂತ. ಅದೇ 1903ರಲ್ಲಿ ಅರ್ಸ್ಕಿನ್ ಚಿಲ್ಡರ್ಸನ ‘ದಿ ರಿಡಲ್ ಆಫ್ ದಿ ಸ್ಯಾಂಡ್ಸ್’ ಪ್ರಕಟವಾಯಿತು. ಇಬ್ಬರು ಆಂಗ್ಲ ತರುಣರು ಚಿಕ್ಕ ಹಾಯಿದೋಣಿಯಲ್ಲಿ ಜರ್ಮನಿಯ ಮರಳುದಿಬ್ಬಗಳ ನಡುವೆ ಅಲೆದು, ಶತ್ರುಗಳ ರಹಸ್ಯಸನ್ನಾಹವನ್ನು ಪತ್ತೆಮಾಡುವರು. ಚಿಲ್ಡರ್ಸನು ಸ್ವತಃ ನಾವಿಕನಾದುದರಿಂದ ಕಥೆಯಲ್ಲಿನ ಅಲೆಯೂ ಗಾಳಿಯೂ ನಿಜವೆನಿಸುತ್ತವೆ.

ವಿಲಿಯಂ ಲೆ ಕ್ಯೂ ಎಂಬವನು ಅಂಥ ಸೂಕ್ಷ್ಮತೆಗೆ ಹೋಗಲಿಲ್ಲ. ‘1910ರ ದಂಡಯಾತ್ರೆ’ ಎಂಬ ಅವನ ಕಥೆಯು 1906ರಲ್ಲಿ ‘ಡೈಲಿ ಮೇಲ್’ ಪತ್ರಿಕೆಯಲ್ಲಿ ಕ್ರಮವಾಗಿ ಬಂದಿತು. ಭಾರತದಲ್ಲಿ ಸೇನಾಧಿಪತಿಯಾಗಿದ್ದ ಲಾರ್ಡ್ ರಾಬರ್ಟ್ಸನು ಯುದ್ಧತಂತ್ರದ ವಿಷಯದಲ್ಲಿ ನೆರವಾದನು. ಶತ್ರುಸೈನ್ಯವು ಹಿಡಿಯಬಹುದಾದ ದಾರಿಯಲ್ಲಿ ಹಳ್ಳಿಗಳೇ ಹೆಚ್ಚೆಂದೂ ಅಲ್ಲಿ ಪತ್ರಿಕೆಯನ್ನು ಕೊಳ್ಳುವವರಿಲ್ಲವೆಂದೂ ಕಂಡು, ಪತ್ರಿಕೆಯ ಒಡೆಯನು ಸೈನ್ಯವನ್ನು ದೊಡ್ಡ ಪಟ್ಟಣಗಳ ಮೂಲಕ ನಡೆಸಿದನು! ಪ್ರಷ್ಯದ ಸೈನಿಕರ ವೇಷ ತೊಟ್ಟವರು ಲಂಡನ್ನಿನ ಬೀದಿಗಳಲ್ಲಿ ಅದರ ಜಾಹೀರಾತನ್ನು ಹೊತ್ತು ತಿರುಗಿದರು. ಲಾಭಕ್ಕಾಗಿ ಬಿತ್ತಿದ ಭಯವು ಎಷ್ಟು ದೂರ ಹಬ್ಬೀತೆಂದು ಆಗ ಯಾರೂ ಎಣಿಸಲಿಲ್ಲ.

1909ರಲ್ಲಿ ಲೆ ಕ್ಯೂ ‘ಕೈಸರನ ಗೂಢಚಾರರು’ ಎಂಬ ಪುಸ್ತಕವನ್ನು ಹೊರತಂದು, ಇಂಗ್ಲೆಂಡಿನಲ್ಲಿ 5,000ಕ್ಕೂ ಮಿಕ್ಕು ಜರ್ಮನ್ ಚಾರರಿರುವರೆಂದು ಘೋಷಿಸಿದನು. ನೆರೆಮನೆಯ ಕ್ಷೌರಿಕನನ್ನೂ ಹೋಟೆಲಿನ ಪರಿಚಾರಕನನ್ನೂ ಶಂಕಿಸಿ ವಾಚಕರು ಕಾಗದಗಳನ್ನು ಬರೆಯತೊಡಗಿದರು. ಇಂಥ ಸುದ್ದಿಗಳನ್ನೇ ಸೈನ್ಯದ ಚಾರಶಾಖೆಯ ಎಡ್ಮಂಡ್ಸನು—ಇವನು ಲೆ ಕ್ಯೂವಿನ ಮಿತ್ರನು—ಯುದ್ಧಮಂತ್ರಿ ಹಾಲ್ಡೇನನ ಸಮಿತಿಯ ಮುಂದೆ ಪ್ರಮಾಣವೆಂದು ಇಟ್ಟನು. ಅದೇ ವರ್ಷದ ಅಕ್ಟೋಬರಿನಲ್ಲಿ ಗುಪ್ತಚಾರ ಇಲಾಖೆಯು ಸ್ಥಾಪಿತವಾಯಿತು. ವರ್ನನ್ ಕೆಲ್ಲನಿಗೆ ಸ್ವದೇಶದ ಕಾರ್ಯವೂ ನೌಕಾಧಿಕಾರಿ ಕಮಿಂಗನಿಗೆ ಪರದೇಶದ ಕಾರ್ಯವೂ ಒಪ್ಪಿತವಾದುವು. ಜರ್ಮನಿಯ ನೌಕಾಶಾಖೆಯ ಚಾರರು ಕೆಲವರಿದ್ದುದು ನಿಜ. ಆದರೆ ಲೆ ಕ್ಯೂ ಹೇಳಿದ ಆ ಸಾವಿರಾರು ಮಂದಿ ಪುಸ್ತಕದಲ್ಲಿ ಮಾತ್ರವಿದ್ದರು.

ಆಶ್ಚರ್ಯವೆಂದರೆ, ಆ 1909ರಲ್ಲಿಯೇ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಮೂಲವನ್ನು ಪ್ರಕಟಿಸಿದರು. ಪರಸ್ಪರ ಪರಿಚಯವಿಲ್ಲದ ಮೂವರು ಚಾರರ ವಾರ್ತೆಗಳು ಒಂದೇ ಆದಾಗಲೇ ಅದನ್ನು ನಂಬಬೇಕೆಂಬುದು ಅಲ್ಲಿಯ ವಿಧಿ. ಲಂಡನ್ನಿನಲ್ಲಿ ಮೂವರಲ್ಲ, ನೂರಾರು ಮಂದಿಯ ಮಾತು ಒಂದಾಗಿದ್ದಿತು. ಅವರೆಲ್ಲರೂ ಓದಿದ್ದುದು ಒಂದೇ ಬಗೆಯ ಕಥೆಗಳನ್ನು.

ಕಥೆಯನ್ನು ಓದಿ ನಿಜವಾಗಿಯೇ ಚಾರರಾದವರೂ ಉಂಟು. 1910ರಲ್ಲಿ ಟ್ರೆಂಚ್, ಬ್ರ್ಯಾಂಡನ್ ಎಂಬ ಇಬ್ಬರು ಆಂಗ್ಲ ಅಧಿಕಾರಿಗಳು ಚಿಲ್ಡರ್ಸನು ವರ್ಣಿಸಿದ ಆ ತೀರದಲ್ಲಿಯೇ ಜರ್ಮನರ ಕೈಗೆ ಸಿಕ್ಕಿಬಿದ್ದರು. ಲೈಪ್‌ಜಿಗ್ ನ್ಯಾಯಾಲಯದಲ್ಲಿ ಬ್ರ್ಯಾಂಡನ್ನನು ಆ ಪುಸ್ತಕವನ್ನು ಓದಿದ್ದೇನೆಂದು ಒಪ್ಪಿಕೊಂಡನು. ಇಬ್ಬರಿಗೂ ನಾಲ್ಕು ವರ್ಷಗಳ ದುರ್ಗವಾಸವು ವಿಧಿಸಲ್ಪಟ್ಟಿತು, 1913ರಲ್ಲಿ ಬಿಡುಗಡೆಯಾಯಿತು. ಚಿಲ್ಡರ್ಸನು ಕಾಲಕ್ರಮದಲ್ಲಿ ಐರ್ಲೆಂಡಿನ ಸ್ವಾತಂತ್ರ್ಯಪಕ್ಷವನ್ನು ಸೇರಿ, 1922ರ ಅಂತರ್ಯುದ್ಧದಲ್ಲಿ ಐರಿಷ್ ಸರ್ಕಾರದವರ ಗುಂಡಿಗೆ ಮಡಿದನು.

ಇಂಗ್ಲೆಂಡಿನಲ್ಲಿ ಆ ಭೀತಿಯ ಕಾಲದಲ್ಲಿಯೇ, 1911ರಲ್ಲಿ, ರಾಜರಹಸ್ಯಗಳ ಕಾಯಿದೆಯು ಜನಪ್ರತಿನಿಧಿಸಭೆಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಅಂಗೀಕೃತವಾಯಿತು. ಅದನ್ನು ಅನುಸರಿಸಿ ಭಾರತಕ್ಕೆಂದು 1923ರಲ್ಲಿ ರಚಿಸಿದ ಕಾಯಿದೆಯು, ರಚಿಸಿದವರು ಈ ದೇಶವನ್ನು ಬಿಟ್ಟು ಹೋದ ಮೇಲೆಯೂ ಜಾರಿಯಲ್ಲಿದೆ.