ರಷ್ಯಾ ಮತ್ತು ಯುರೋಪಿನ ತೀವ್ರ ಬಲಪಂಥ

ರಷ್ಯಾದ ಆಡಳಿತ ವಲಯಕ್ಕೂ ಯುರೋಪಿನ ತೀವ್ರ ಬಲಪಂಥೀಯ ಪಕ್ಷಗಳಿಗೂ ಸೋವಿಯತ್ ಒಕ್ಕೂಟದ ಪತನಾನಂತರ ಬೆಳೆದ ನಂಟು ಹಣ, ಪ್ರಚಾರ ಮತ್ತು ಪರಸ್ಪರ ಮನ್ನಣೆಯ ಕೊಡುಕೊಳ್ಳುವಿಕೆಯದು. ಹಿಟ್ಲರನ ಸೇನೆಯನ್ನು ಸೋಲಿಸಿದ್ದನ್ನೇ ರಾಷ್ಟ್ರಾಭಿಮಾನದ ಬುನಾದಿಯಾಗಿಸಿಕೊಂಡ ದೇಶದಲ್ಲಿ ನವನಾಜಿ ಹಿನ್ನೆಲೆಯ ಗುಂಪುಗಳಿಗೂ ಆದರ ಸಿಕ್ಕಿದ್ದು ಇದರ ವೈಚಿತ್ರ್ಯ. ಈ ಪಕ್ಷಗಳನ್ನು ಮಾಸ್ಕೋ ಹುಟ್ಟುಹಾಕಲಿಲ್ಲ. ವಲಸೆ ವಿರೋಧ, ಐರೋಪ್ಯ ಒಕ್ಕೂಟದ ಬಗೆಗಿನ ಸಿಟ್ಟು ಅವುಗಳ ಸ್ವಂತ ಬಂಡವಾಳ. ಬೆಳೆದು ನಿಂತವರೊಡನೆ ಮಾಸ್ಕೋ ವ್ಯವಹಾರಕ್ಕಿಳಿಯಿತು.

1990ರ ದಶಕದ ಸಂಪರ್ಕಗಳು ಸರ್ಕಾರದ ಮಟ್ಟದವಲ್ಲ. ಬೆಲ್ಜಿಯಂನ ತೀವ್ರ ಬಲಪಂಥೀಯ ಚಿಂತಕ ಜಾನ್ ತಿರಿಯಾರ್ 1992ರಲ್ಲಿ ಮಾಸ್ಕೋಗೆ ಬಂದರು. ಫ್ರಾನ್ಸಿನ ನ್ಯಾಷನಲ್ ಫ್ರಂಟ್ ನಾಯಕ ಜಾನ್-ಮಾರಿ ಲೆ ಪೆನ್ 1996ರಲ್ಲಿ ಬಂದು ರಷ್ಯಾದ ಉಗ್ರ ರಾಷ್ಟ್ರವಾದಿ ರಾಜಕಾರಣಿ ವ್ಲಾದಿಮಿರ್ ಝಿರಿನೋವ್‌ಸ್ಕಿಯವರನ್ನು ಕಂಡರು. ರಷ್ಯಾ ಪಶ್ಚಿಮಕ್ಕೆ ಎದುರಾದ ಪ್ರತ್ಯೇಕ ನಾಗರಿಕತೆ ಎನ್ನುವ ಯುರೇಷಿಯಾವಾದದ ಪ್ರತಿಪಾದಕ ಅಲೆಕ್ಸಾಂಡರ್ ದುಗಿನ್ ಅವರ ಭೂರಾಜಕೀಯದ ಗ್ರಂಥ ಹೊರಬಂದದ್ದು 1997ರಲ್ಲಿ. ದುಗಿನ್ ಅವರನ್ನು ಪುಟಿನ್ ಅವರ ಗುರುವೆಂದು ಪತ್ರಿಕೆಗಳು ಬಣ್ಣಿಸುವುದುಂಟು. ಕ್ರೆಮ್ಲಿನ್‌ನಲ್ಲಿ ಯಾವ ಹುದ್ದೆಯನ್ನೂ ಹೊಂದಿರದ ಇವರಿಗೆ ಆ ಪಟ್ಟ ತುಸು ಹೆಚ್ಚೇ ಆಯಿತು.

ಚಿತ್ರ ಬದಲಾದದ್ದು 2012ರಲ್ಲಿ ಪುಟಿನ್ ಮತ್ತೆ ಅಧ್ಯಕ್ಷರಾದ ಮೇಲೆ. ಸಲಿಂಗ ಸಂಬಂಧಗಳ ‘ಪ್ರಚಾರ’ವನ್ನು ನಿಷೇಧಿಸುವ 2013ರ ಕಾನೂನು, ಸಾಂಪ್ರದಾಯಿಕ ಕುಟುಂಬ ಮೌಲ್ಯಗಳ ರಕ್ಷಕ ತಾನೆಂಬ ರಷ್ಯಾದ ಹೊಸ ಮಾತು ಪಶ್ಚಿಮದ ಸಂಪ್ರದಾಯವಾದಿಗಳ ಕಿವಿಗೆ ಹಿತವಾಗಿದ್ದವು. ಮರುವರ್ಷ ಕ್ರಿಮಿಯಾ ಸ್ವಾಧೀನ. ಮಾರ್ಚ್ 16ರ ಜನಮತಗಣನೆಯನ್ನು ಹೆಚ್ಚಿನ ದೇಶಗಳು ಒಪ್ಪದಿದ್ದಾಗ ಆಸ್ಟ್ರಿಯಾದ ಫ್ರೀಡಂ ಪಾರ್ಟಿ, ಬೆಲ್ಜಿಯಂನ ವ್ಲಾಮ್ಸ್ ಬೆಲಾಂಗ್, ಹಂಗೇರಿಯ ಯೋಬ್ಬಿಕ್ ಪಕ್ಷಗಳವರು ‘ವೀಕ್ಷಕ’ರಾಗಿ ಹೋಗಿ ಎಲ್ಲವೂ ಸರಿಯಿದೆ ಎಂದರು. ಆ ವೀಕ್ಷಕರಲ್ಲೊಬ್ಬರಾದ ಯೋಬ್ಬಿಕ್‌ನ ಬೇಲಾ ಕೊವಾಚ್ ರಷ್ಯಾ ಪರ ಗೂಢಚಾರಿಕೆ ನಡೆಸಿದ್ದರೆಂದು ಹಂಗೇರಿಯ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿತು.

ಹಣದ ಜಾಡು ಅತ್ಯಂತ ಸ್ಪಷ್ಟವಾಗಿ ಕಾಣುವುದು ಫ್ರಾನ್ಸಿನಲ್ಲಿ. ಮಾರಿನ್ ಲೆ ಪೆನ್ ನೇತೃತ್ವದ ನ್ಯಾಷನಲ್ ಫ್ರಂಟ್ ಮಾಸ್ಕೋದ ಫಸ್ಟ್ ಚೆಕ್-ರಷ್ಯನ್ ಬ್ಯಾಂಕಿನಿಂದ 90 ಲಕ್ಷ ಯುರೋಗೂ ಹೆಚ್ಚಿನ ಸಾಲ ಪಡೆದಿದ್ದನ್ನು 2014ರ ನವೆಂಬರ್‌ನಲ್ಲಿ ಮೀಡಿಯಾಪಾರ್ ಪತ್ರಿಕೆ ಹೊರಗೆಡಹಿತು. ಫ್ರಾನ್ಸಿನ ಯಾವ ಬ್ಯಾಂಕೂ ತಮಗೆ ಸಾಲ ಕೊಡಲಿಲ್ಲ ಎಂಬುದು ಲೆ ಪೆನ್ ಅವರ ಸಮಜಾಯಿಷಿ. 2016ರಲ್ಲಿ ಆ ಬ್ಯಾಂಕಿನ ಪರವಾನಗಿಯೇ ರದ್ದಾಯಿತು. ಸಾಲಪತ್ರ ಕೈಯಿಂದ ಕೈಗೆ ದಾಟಿ ವಿಮಾನದ ಬಿಡಿಭಾಗ ಮಾರುವ ಅವಿಯಾಝಾಪ್‌ಚಾಸ್ತ್ ಎಂಬ ಕಂಪನಿಯ ಪಾಲಾಯಿತು. ವಸೂಲಿಗೆ ನ್ಯಾಯಾಲಯದ ಮೆಟ್ಟಿಲೇರಿದ ಕಂಪನಿಯೊಡನೆ 2020ರಲ್ಲಿ ರಾಜಿಯಾಗಿ, 2028ರವರೆಗೆ ಕಂತು ಕಟ್ಟಲು ಅವಕಾಶ ಸಿಕ್ಕಿತು. ಈ ನಡುವೆ, 2017ರ ಅಧ್ಯಕ್ಷೀಯ ಚುನಾವಣೆಗೆ ತಿಂಗಳಿರುವಾಗ, ಪುಟಿನ್ ಅವರು ಲೆ ಪೆನ್ ಅವರನ್ನು ಕ್ರೆಮ್ಲಿನ್‌ನಲ್ಲಿ ಬರಮಾಡಿಕೊಂಡಿದ್ದರು. 2022ರ ಚುನಾವಣಾ ಚರ್ಚೆಯಲ್ಲಿ ಎಮಾನ್ಯುಯೆಲ್ ಮ್ಯಾಕ್ರನ್ ಈ ಸಾಲವನ್ನೇ ಎತ್ತಿ, ರಷ್ಯಾದ ಜೊತೆ ಮಾತಾಡುವಾಗ ನೀವು ನಿಮಗೆ ಸಾಲ ಕೊಟ್ಟವರ ಜೊತೆ ಮಾತಾಡುತ್ತೀರಿ ಎಂಬರ್ಥದಲ್ಲಿ ಚುಚ್ಚಿದರು. ಅವಧಿಗೆ ಐದು ವರ್ಷ ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ, ಪಕ್ಷ ಬಾಕಿ ತೀರಿಸಿದ್ದಾಗಿ ಹೇಳಿಕೊಂಡಿತು.

ಆಸ್ಟ್ರಿಯಾ, ಇಟಲಿಗಳಲ್ಲಿ ನಂಟು ಕಾಗದದ ಮೇಲೂ ಇಳಿಯಿತು. ಪುಟಿನ್ ಅವರ ಯುನೈಟೆಡ್ ರಷ್ಯಾ ಪಕ್ಷದೊಡನೆ ಫ್ರೀಡಂ ಪಾರ್ಟಿ 2016ರ ಡಿಸೆಂಬರ್‌ನಲ್ಲಿ, ಇಟಲಿಯ ಮತ್ತೆಯೊ ಸಾಲ್ವಿನಿಯವರ ಲೇಗಾ ಪಕ್ಷ 2017ರ ಮಾರ್ಚ್‌ನಲ್ಲಿ ಸಹಕಾರದ ಒಪ್ಪಂದ ಮಾಡಿಕೊಂಡವು. 2018ರ ಅಕ್ಟೋಬರ್‌ನಲ್ಲಿ ಸಾಲ್ವಿನಿಯವರ ಆಪ್ತರೊಬ್ಬರು ಮಾಸ್ಕೋದ ಮೆಟ್ರೋಪೋಲ್ ಹೋಟೆಲಿನಲ್ಲಿ ಕೂತು, ತೈಲ ವ್ಯಾಪಾರದ ನೆಪದಲ್ಲಿ ಪಕ್ಷಕ್ಕೆ ಹಣ ಸಾಗಿಸುವ ಮಾತುಕತೆ ನಡೆಸಿದ ಧ್ವನಿಮುದ್ರಣ ಹೊರಬಿತ್ತು. ಹಣ ಕೈಬದಲಾದದ್ದಕ್ಕೆ ಪುರಾವೆ ಸಿಗಲಿಲ್ಲ, ಮಿಲಾನಿನ ತನಿಖೆ 2023ರಲ್ಲಿ ಮುಚ್ಚಿತು. ಆಸ್ಟ್ರಿಯಾದ ಉಪಚಾನ್ಸಲರ್, ಫ್ರೀಡಂ ಪಾರ್ಟಿಯ ಹೈನ್ಸ್-ಕ್ರಿಸ್ಟಿಯಾನ್ ಸ್ಟ್ರಾಖೆ 2019ರಲ್ಲಿ ಹುದ್ದೆ ಕಳೆದುಕೊಂಡ ಇಬಿಜಾ ಪ್ರಕರಣವನ್ನೂ ಈ ಪಟ್ಟಿಗೆ ಸೇರಿಸುವ ರೂಢಿಯಿದೆ. ಆದರೆ ಸರ್ಕಾರಿ ಗುತ್ತಿಗೆಯ ಬದಲಿಗೆ ಚುನಾವಣಾ ನೆರವು ಪಡೆಯುವ ಮಾತನ್ನು ಸ್ಟ್ರಾಖೆ ಆಡಿದ್ದ ಆ ರಹಸ್ಯ ವಿಡಿಯೊದಲ್ಲಿದ್ದ ‘ರಷ್ಯಾದ ಶ್ರೀಮಂತನ ಸೋದರ ಸೊಸೆ’ ನಕಲಿ. ಅಲ್ಲಿ ಬಯಲಾದದ್ದು ಸ್ಟ್ರಾಖೆಯವರ ಆಸೆಯೇ ಹೊರತು ರಷ್ಯಾದ ಕೈವಾಡವಲ್ಲ.

ಚುನಾವಣಾ ರಾಜಕಾರಣದ ಅಂಚಿನಾಚೆಗೂ ಸಂಪರ್ಕಗಳಿವೆ. 2015ರ ಮಾರ್ಚ್‌ನಲ್ಲಿ ರಷ್ಯಾದ ರಾಷ್ಟ್ರವಾದಿ ರೋದಿನಾ ಪಕ್ಷದ ಆಶ್ರಯದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆದ ಸಮಾವೇಶಕ್ಕೆ ಜರ್ಮನಿಯ ನವನಾಜಿ ಪಕ್ಷ ಎನ್‌ಪಿಡಿಯ ಉಡೊ ಫೋಯ್‌ಗ್ಟ್, ಬ್ರಿಟನ್ನಿನ ನಿಕ್ ಗ್ರಿಫಿನ್, ಇಟಲಿಯ ರೊಬೆರ್ತೊ ಫಿಯೊರೆಯಂಥ ತೀವ್ರ ಬಲಪಂಥೀಯ ನಾಯಕರು ಬಂದಿದ್ದರು. ಅದೇ ನಗರದಲ್ಲಿ ರಷ್ಯನ್ ಇಂಪೀರಿಯಲ್ ಮೂವ್‌ಮೆಂಟ್ ಎಂಬ ಉಗ್ರ ರಾಷ್ಟ್ರವಾದಿ ಸಂಘಟನೆ ನಡೆಸುತ್ತಿದ್ದ ಶಿಬಿರದಲ್ಲಿ ತರಬೇತಿ ಪಡೆದ ಸ್ವೀಡನ್ನಿನ ನವನಾಜಿಗಳು ಬಳಿಕ ಗೋಥೆನ್‌ಬರ್ಗ್‌ನಲ್ಲಿ ಬಾಂಬ್ ಇಟ್ಟರು. 2020ರ ಏಪ್ರಿಲ್‌ನಲ್ಲಿ ಅಮೆರಿಕ ಈ ಸಂಘಟನೆಯನ್ನು ಭಯೋತ್ಪಾದಕ ಪಟ್ಟಿಗೆ ಸೇರಿಸಿತು. ಪೂರ್ವ ಉಕ್ರೇನಿನ ದೊನ್‌ಬಾಸ್ ಕಾಳಗದಲ್ಲಂತೂ ಬಲಪಂಥೀಯ ಸ್ವಯಂಸೇವಕರು ಎರಡೂ ಕಡೆ ನಿಂತು ಹೋರಾಡಿದರು.

ಎಲ್ಲ ಬಲಪಂಥೀಯರೂ ಮಾಸ್ಕೋದ ಸ್ನೇಹಿತರಲ್ಲ. ಪೋಲೆಂಡಿನ ಲಾ ಅಂಡ್ ಜಸ್ಟಿಸ್ ಪಕ್ಷಕ್ಕೆ ರಷ್ಯಾ ಚಾರಿತ್ರಿಕ ವೈರಿ. ಇಟಲಿಯ ಜಾರ್ಜಿಯಾ ಮೆಲೋನಿ ಉಕ್ರೇನಿನ ಬೆಂಬಲಿಗರು. ರಷ್ಯಾ 2022ರಲ್ಲಿ ಉಕ್ರೇನ್ ಮೇಲೆ ಆಕ್ರಮಣ ಮಾಡಿದ ನಂತರ ಹಳೆಯ ಗೆಳೆತನ ಹಲವರಿಗೆ ಮುಜುಗರ ತಂದಿತು. ನಿರಾಶ್ರಿತರನ್ನು ಕಾಣಲು ಪೋಲೆಂಡಿನ ಗಡಿ ಪಟ್ಟಣ ಪ್ಶೆಮಿಶ್ಲ್‌ಗೆ ಹೋದ ಸಾಲ್ವಿನಿಯವರೆದುರು ಅಲ್ಲಿನ ಮೇಯರ್, ಒಮ್ಮೆ ಸಾಲ್ವಿನಿ ತೊಟ್ಟಿದ್ದಂಥದೇ ಪುಟಿನ್ ಚಿತ್ರದ ಟೀ ಶರ್ಟನ್ನು ಕ್ಯಾಮೆರಾಗಳ ಮುಂದೆ ಎತ್ತಿ ಹಿಡಿದರು. ಫ್ರೀಡಂ ಪಾರ್ಟಿ ಮತ್ತು ಜರ್ಮನಿಯ ತೀವ್ರ ಬಲಪಂಥೀಯ ಪಕ್ಷ ಎಎಫ್‌ಡಿ ಮಾತ್ರ ಜಗ್ಗಲಿಲ್ಲ. ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಭಾಷಣದ ವೇಳೆ 2023ರಲ್ಲಿ ಮೊದಲನೆಯದು ವಿಯೆನ್ನಾದ ಸಂಸತ್ತಿನಿಂದ ಹೊರನಡೆಯಿತು, 2024ರಲ್ಲಿ ಎರಡನೆಯದರ ಬಹುತೇಕ ಸದಸ್ಯರು ಬರ್ಲಿನ್ನಿನ ಸದನಕ್ಕೆ ಬರಲೇ ಇಲ್ಲ. 2024ರ ಮಾರ್ಚ್‌ನಲ್ಲಿ ಚೆಕ್ ಸರ್ಕಾರ ಪ್ರಾಗ್‌ನ ‘ವಾಯ್ಸ್ ಆಫ್ ಯುರೋಪ್’ ಜಾಲತಾಣದ ಮೇಲೂ ಅದರ ಹಿಂದಿರುವರೆನ್ನಲಾದ, ಉಕ್ರೇನಿನ ಪುಟಿನ್ ಆಪ್ತ ವಿಕ್ಟರ್ ಮೆದ್ವೆದ್‌ಚುಕ್ ಮೇಲೂ ನಿರ್ಬಂಧ ಹೇರಿತು. ಜಾಲದಿಂದ ಹಣ ಪಡೆದ ಆರೋಪ ಎಎಫ್‌ಡಿಯ ಪೆಟ್ರ್ ಬಿಸ್ಟ್ರೊನ್ ಮೇಲೆ ಬಂತು. ಅವರು ಅಲ್ಲಗಳೆದರು, ಮೇ ತಿಂಗಳಲ್ಲಿ ಜರ್ಮನ್ ಸಂಸತ್ತು ಅವರಿಗಿದ್ದ ಕಾನೂನು ರಕ್ಷಣೆಯನ್ನು ತೆರವುಗೊಳಿಸಿತು.