ಬರೆದಿಡದ ನಾಟಕ ಮತ್ತು ಒಬ್ಬ ಮೇಷ್ಟರು

ಮಾತನ್ನು ಮೊದಲೇ ಬರೆದುಕೊಳ್ಳದೆ ರಂಗದ ಮೇಲೆಯೇ ಹಾಸ್ಯ ಪ್ರಸಂಗ ಕಟ್ಟುವ ಕಲೆಯನ್ನು ಪಶ್ಚಿಮದಲ್ಲಿ ‘ಇಂಪ್ರೋ’ ಎನ್ನುತ್ತಾರೆ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳೂ ಮಾತನ್ನು ಆ ಕ್ಷಣದಲ್ಲೇ ಹೆಣೆಯುತ್ತಾರೆ. ಆದರೆ ಅವರಿಗೆ ಕಥೆಯೂ ಪದ್ಯವೂ ಇರುತ್ತವೆ. ಇಲ್ಲಿ ಅದೂ ಇಲ್ಲ.

ಇದನ್ನು ಪಾಠವಾಗಿಸಿದವರಲ್ಲಿ ಷಿಕಾಗೋದ ವಯೋಲಾ ಸ್ಪೋಲಿನ್ ಮೊದಲಿಗರು. ಅವರ ಆಟಗಳ ಪುಸ್ತಕ 1963ರಲ್ಲಿ ಬಂತು. ಇನ್ನೊಬ್ಬರು ಇಂಗ್ಲೆಂಡಿನ ಕೀತ್ ಜಾನ್‌ಸ್ಟನ್. ನಮಗೆ ಹತ್ತಿರದವರು ಇವರೇ, ಏಕೆಂದರೆ ಇವರು ಮೊದಲು ಲಂಡನ್ನಿನ ಬ್ಯಾಟರ್‌ಸಿಯಲ್ಲಿ ಶಾಲಾ ಮೇಷ್ಟರು. ಐದು ವರ್ಷ ಶಾಲೆಗೆ ಬಂದರೂ ತಮ್ಮ ಹೆಸರು ಬರೆಯಲಾರದ ಮಕ್ಕಳು ಅವರ ತರಗತಿಯಲ್ಲಿದ್ದರು. ಮಕ್ಕಳ ಕಲ್ಪನೆಯನ್ನು ಅದುಮುವುದು ಶಾಲೆಯೇ ಎಂಬುದು ಅವರ ದೃಢ ನಂಬಿಕೆಯಾಯಿತು. ಮಾತು ಕಹಿ, ಆದರೂ ಪೂರ್ತಿ ತಳ್ಳಿಹಾಕುವಂತಿಲ್ಲ.

1956ರಲ್ಲಿ ಅವರು ರಾಯಲ್ ಕೋರ್ಟ್ ರಂಗಮಂದಿರ ಸೇರಿದರು. ಮುಂದೆ ನಟರಿಗೆ ಕಲಿಸುವಾಗ ಅಲ್ಲಿಯೂ ಅದೇ ಅಂಜಿಕೆ ಕಂಡಿತು. ಎಲ್ಲರಿಗೂ ಜಾಣರಾಗಿ ಕಾಣುವ ಆತುರ. ಎದುರಿನವನ ಮಾತು ಕಿವಿಗೆ ಬೀಳುವುದಕ್ಕಿಂತ ಮೊದಲೇ ತಮ್ಮ ನಗೆಮಾತು ಸಿದ್ಧ. ಜಾನ್‌ಸ್ಟನ್ ಹೇಳಿಕೊಟ್ಟದ್ದು ಬೇರೆ: ಎದುರಿನವನ ಮಾತು ನಿಮಗೆ ತಾಗಲಿ, ನೀವು ಬದಲಾಗಿ. ಒಂದು ಉದಾಹರಣೆ ನೋಡೋಣ. ಒಬ್ಬ ನಟ “ಮನೆ ಮಾರಿಬಿಟ್ಟೆ” ಎನ್ನುತ್ತಾನೆ. ಇನ್ನೊಬ್ಬ “ನನ್ನ ಚಪ್ಪಲಿಯನ್ನೂ ಸೇರಿಸಿಯಾ?” ಎಂದರೆ ಒಂದು ನಗು ಬಂದು ಮುಗಿಯಿತು. ಅದರ ಬದಲು ಅವನು ಬಾಯಿ ಒಣಗಿ, ಗೋಡೆ ಸವರುತ್ತಾ ಅಲ್ಲಿಯೇ ಕುಸಿದು ಕುಳಿತರೆ? ಇಬ್ಬರ ಸಂಬಂಧವೇನು, ಮನೆ ಯಾರದು, ಏಕೆ ಮಾರಿದ, ಎಲ್ಲವೂ ತಾನೇ ಹೊರಬರುತ್ತದೆ. ನಗುವೂ ಬರುತ್ತದೆ, ಸ್ವಲ್ಪ ತಡವಾಗಿ.

ಆಮೇಲೆ ಅವರು ಕೆನಡಾದ ಕ್ಯಾಲ್ಗರಿಗೆ ಹೋಗಿ ನೆಲೆಸಿದರು. 1979ರಲ್ಲಿ ಅವರ ‘ಇಂಪ್ರೋ’ ಗ್ರಂಥ ಪ್ರಕಟವಾಯಿತು. ಅದು ನಟರಿಗಾಗಿ ಬರೆದ ಪುಸ್ತಕ. ಆದರೆ ಅದರ ಮೊದಲ ಅಧ್ಯಾಯದಲ್ಲಿ ಶಾಲೆಯ ವಿಷಯವೂ ಬರುತ್ತದೆ.